ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಕುರಿತವು. ಒಂದು ಬೋಡಿನಾಯಕನೂರಿನಿಂದ, ಒಂದು ಕಂಬಂನಿಂದ, ಮತ್ತೊಂದು ದಿಂಡಿಗಲ್ಲಿನಿಂದ ಬಂದುದು. ಮೂರು ಮನೆಗಳಲ್ಲಿಯೂ ಬೆಲೆಬಾಳುವ ವಿದೇಶೀ ಕಾರು ಇದೆ; ಮೂರು ಕಾರುಗಳೂ ನಿಂತಲ್ಲಿ ನಡುಗುತ್ತವೆ, ಏರಿನಲ್ಲಿ ತಡವರಿಸುತ್ತವೆ. ಮೆಕ್ಯಾನಿಕ್ಕುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಖರ್ಚು ಮಾತ್ರ ನಿಲ್ಲುತ್ತಿಲ್ಲ. ಇಂಜಿನ್ ಬಿಚ್ಚಿಸಬೇಕೆ, ಕಾರನ್ನೇ ಮಾರಿಬಿಡಬೇಕೆ ಎಂಬುದು ಅವರ ಪ್ರಶ್ನೆ.

ಹಳ್ಳಿಯ ಶಾಲೆಯ ಮೇಷ್ಟರಿಗೂ ಸಿರಿವಂತರ ಕಾರಿಗೂ ಏನು ನಂಟು ಎಂದು ನಗುವವರು ನಗಲಿ. ಮಗು ಲೆಕ್ಕ ತಪ್ಪಿದಾಗ ಉತ್ತರದ ಮೇಲೆ ಕೆಂಪು ಗೆರೆ ಎಳೆಯುವ ಮುನ್ನ, ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ನೋಡಿರಿ ಎಂದು ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಈ ನಿಯಮ ತರಗತಿಗೆ ಎಷ್ಟು ಸಲ್ಲುವುದೋ ವರ್ಕ್‌ಶಾಪಿಗೂ ಅಷ್ಟೇ ಸಲ್ಲುತ್ತದೆ. ನಮ್ಮ ಹಿರಿಯರು ಇದನ್ನೇ ಚುರುಕಾಗಿ ಹೇಳಿದ್ದಾರೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಂದು ಕಾರಿನ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ಪೋಲಾಗುತ್ತಿರುವ ಹಣದಲ್ಲಿ ದೊಡ್ಡ ಪಾಲು ಎಮ್ಮೆಗೆ ಹಾಕಿದ ಬರೆಯೇ.

ಈ ಕಣಿವೆಯಲ್ಲಿ ಅಂಥ ಕಾರುಗಳು ಹೆಚ್ಚಿದುದಕ್ಕೆ ಕಾರಣವುಂಟು. ಏಲಕ್ಕಿ, ದ್ರಾಕ್ಷಿ, ಬಾಳೆಯ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ಮನೆಗಳಿವೆ. ಮಕ್ಕಳು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ದುಡಿಯುವ ಮನೆಗಳಿವೆ. ಕೆಲವು ವರ್ಷ ಓಡಿದ ಜರ್ಮನ್ ಕಾರು ಹೊಸತರ ಬೆಲೆಯ ಒಂದು ಸಣ್ಣ ಪಾಲಿಗೆ ಸಿಕ್ಕುವುದರಿಂದ ಆಸೆಯಾಗುವುದು ಸಹಜ. ಆದರೆ ಇಳಿದುದು ಕಾರಿನ ಬೆಲೆ, ಬಿಡಿಭಾಗದ ಬೆಲೆಯಲ್ಲ. ಆದುದರಿಂದ ಇಂಥ ಕಾರಿನಲ್ಲಿ ರೋಗ ಗೊತ್ತುಮಾಡದೆ ಔಷಧ ಕೊಡುವುದು ಬಲು ದುಬಾರಿಯ ಕೆಲಸ.

ಇಲ್ಲಿ ಬರೆಯುವುದೆಲ್ಲ ಪೆಟ್ರೋಲ್ ಕಾರಿಗೆ ಸಂಬಂಧಿಸಿದುದು. ಡೀಸೆಲ್ ಇಂಜಿನ್ನಿನಲ್ಲಿ ಉರಿ ಹತ್ತಿಸುವ ಕಿಡಿಯಿಲ್ಲ. ಅದರ ಪರೀಕ್ಷೆಯ ಕ್ರಮ ಬೇರೆ.

ನಡುಕ ಎಲ್ಲಿಂದ?

ಮೊದಲು ಒಂದು ಸಣ್ಣ ಲೆಕ್ಕ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೋ ರೂಪಿಸಿದ ನಾಲ್ಕು ಹೆಜ್ಜೆಯ ಇಂಜಿನ್ನಿನ ವಂಶವೇ ಇಂದಿನ ಪೆಟ್ರೋಲ್ ಕಾರುಗಳಲ್ಲಿದೆ. ಹೀರುವುದು, ಒತ್ತುವುದು, ಉರಿಸುವುದು, ಉಗುಳುವುದು: ಇವು ಆ ನಾಲ್ಕು ಹೆಜ್ಜೆಗಳು. ಇಂಜಿನ್ನಿನ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿನಲ್ಲಿಯೂ ಒಮ್ಮೆ ಉರಿ ಹತ್ತುತ್ತದೆ. ಕಾರು ನಿಂತು ಇಂಜಿನ್ ಮಾತ್ರ ಓಡುವಾಗ, ಅಂದರೆ ಮೆಕ್ಯಾನಿಕ್ಕುಗಳ ಮಾತಿನ ಐಡ್ಲಿಂಗಿನಲ್ಲಿ, ದಂಡವು ನಿಮಿಷಕ್ಕೆ 700 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ಒಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 350 ಸಲ, ಆರು ಸಿಲಿಂಡರಿನ ಕಾರಿನಲ್ಲಿ ಒಟ್ಟು 2,100 ಸಲ ಉರಿ ಹತ್ತಬೇಕು. ಅಂದರೆ ಸೆಕೆಂಡಿಗೆ 35 ಸಲ. ಇವು ಸಮನಾಗಿ ನಡೆದರೆ ಬಾನೆಟ್ಟಿನ ಮೇಲೆ ನಾಣ್ಯವನ್ನು ನಿಲ್ಲಿಸಬಹುದು ಎನ್ನುವಷ್ಟು ನೆಮ್ಮದಿ. ಆರರಲ್ಲಿ ಒಂದು ತಪ್ಪಿದರೆ ಸೆಕೆಂಡಿಗೆ ಆರು ಸಲದಂತೆ ಎಡವುತ್ತದೆ. ಆ ಎಡವುವಿಕೆಯೇ ಸ್ಟೀರಿಂಗಿನಲ್ಲಿ, ಸೀಟಿನಲ್ಲಿ ನಮಗೆ ತಿಳಿಯುವ ನಡುಕ. ತಮಿಳಿನವರೂ ಕನ್ನಡದವರೂ ಒಂದೇ ಬಾಯಲ್ಲಿ ಹೇಳುವ ‘ಮಿಸ್ಸಿಂಗ್’ ಇದೇ.

ಉರಿ ಹತ್ತಲು ಬೇಕಾದುದು ಮೂರು: ಹದವಾದ ಗಾಳಿ–ಪೆಟ್ರೋಲಿನ ಮಿಶ್ರಣ, ಅದನ್ನು ಬಿಗಿಯಾಗಿ ಒತ್ತುವ ಸಿಲಿಂಡರು, ಸರಿಯಾದ ಹೊತ್ತಿಗೆ ಒಂದು ಕಿಡಿ. ಅಡಿಗೆಮನೆಯ ಒಲೆಗೆ ಸೌದೆ, ಗಾಳಿ, ಕಡ್ಡಿ ಬೇಕಾದಂತೆಯೇ. ಮಿಸ್ಸಿಂಗ್ ಎಷ್ಟೇ ಬಗೆಯದಾಗಿರಲಿ, ಈ ಮೂರರಲ್ಲಿ ಒಂದು ತಪ್ಪಿದೆ. ಯಾವುದು ತಪ್ಪಿದೆ ಎಂದು ಕಂಡುಹಿಡಿಯುವುದೇ ಪರೀಕ್ಷೆ.

ಮೊದಲ ಮೆಕ್ಯಾನಿಕ್ ಒಬ್ಬ ಗೃಹಿಣಿ

ಈ ಪರೀಕ್ಷೆಯನ್ನು ನಡುರಸ್ತೆಯಲ್ಲಿ ನಡೆಸಿ ತೋರಿಸಿದವಳು ಎರಡು ಮಕ್ಕಳೊಂದಿಗೆ ತವರಿಗೆ ಹೊರಟ ಒಬ್ಬ ತಾಯಿ ಎಂಬುದನ್ನು ನಮ್ಮ ಸೋದರಿಯರು ತಿಳಿದಿರಬೇಕು. ಕಾರ್ಲ್ ಬೆಂಝ್ 1886ರಲ್ಲಿ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದನು. ಕೊಳ್ಳುವವರು ಮುಂದೆ ಬರಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ, ಗಂಡನಿಗೆ ತಿಳಿಸದೆ, ಮಕ್ಕಳಾದ ಓಯ್ಗೆನ್ ಮತ್ತು ರಿಚರ್ಡರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು ನೂರು ಕಿಲೋಮೀಟರು, ಆ ಗಾಡಿಯಲ್ಲಿಯೇ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು; ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆದು ವಿದ್ಯುತ್ತು ಸೋರಿತು. ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಿಂದ ಕೊಂಡು ತುಂಬಿಸಿದಳು.

ಗಾಡಿ ಪ್ರತಿಸಲ ನಿಂತಾಗಲೂ ಆಕೆ ಇಡೀ ಯಂತ್ರವನ್ನು ಬಿಚ್ಚಲಿಲ್ಲ. ಇಂಧನ ಬರುತ್ತಿದೆಯೆ, ಕಿಡಿ ಹಾರುತ್ತಿದೆಯೆ ಎಂದು ಒಂದೊಂದನ್ನಾಗಿ ನೋಡಿ, ತಪ್ಪಿದ್ದಲ್ಲಿ ಮಾತ್ರ ಕೈಯಿಟ್ಟಳು. ಇಂದಿನ ಕೋಟಿ ರೂಪಾಯಿಯ ಕಾರಿಗೂ ಇದಕ್ಕಿಂತ ಉತ್ತಮವಾದ ಕ್ರಮವಿಲ್ಲ.

ಅಂಬಾಸಿಡರಿನ ಕಾಲ, ಕಂಪ್ಯೂಟರಿನ ಕಾಲ

ನಮ್ಮ ತಲೆಮಾರಿನವರಿಗೆ ಅಂಬಾಸಿಡರ್ ಚೆನ್ನಾಗಿ ನೆನಪಿದೆ. ಅದರ ತಯಾರಿಕೆ 2014ರಲ್ಲಿ ನಿಂತಿತು. ಅದು ಮಿಸ್ ಹೊಡೆದರೆ ಮೆಕ್ಯಾನಿಕ್ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಿದ್ದನು. ತಂತಿ ಕಿತ್ತಾಗ ಇಂಜಿನ್ನಿನ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ದುಡಿಯುತ್ತಿತ್ತು ಎಂದರ್ಥ. ಸದ್ದು ಬದಲಾಗದಿದ್ದರೆ ಅದೇ ಸೋಮಾರಿ. ಸರಳವಾದ, ಸತ್ಯವಾದ ಪರೀಕ್ಷೆ. ಇಂದಿನ ಕಾರಿನಲ್ಲಿ ಇದನ್ನು ಯಾರೂ ಮಾಡಕೂಡದು. ಈಗ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್ ಕುಳಿತಿದೆ. ಬ್ಯಾಟರಿಯ 12 ವೋಲ್ಟನ್ನು ಹಲವು ಹತ್ತು ಸಾವಿರ ವೋಲ್ಟಿಗೆ ಏರಿಸುತ್ತದೆ. ಓಡುವ ಇಂಜಿನ್ನಿನಲ್ಲಿ ಅದನ್ನು ಕಿತ್ತರೆ ಮನುಷ್ಯನಿಗೂ ಅಪಾಯ, ಕಾರಿನ ಕಂಪ್ಯೂಟರಿಗೂ ಅಪಾಯ.

ತಂತಿ ಕಿತ್ತು ನೋಡುವ ಕೆಲಸವನ್ನು ಈಗ ಆ ಕಂಪ್ಯೂಟರೇ ಮಾಡುತ್ತದೆ. ದಂಡದೊಂದಿಗೆ ತಿರುಗುವ ಹಲ್ಲಿನ ಚಕ್ರವನ್ನು ಒಂದು ಸೆನ್ಸಾರ್ ಸದಾ ಗಮನಿಸುತ್ತಿರುತ್ತದೆ. ಒಂದು ಸಿಲಿಂಡರು ಉರಿಯದಿದ್ದರೆ ಆ ಕ್ಷಣಕ್ಕೆ ಚಕ್ರದ ವೇಗ ಕೂದಲೆಳೆಯಷ್ಟು ತಗ್ಗುತ್ತದೆ. ಸೆನ್ಸಾರ್ ಅದನ್ನು ಹಿಡಿಯುತ್ತದೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಇಂಥ ಕಾವಲು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಅದು 2010ರ ಅನಂತರ ಹಂತಹಂತವಾಗಿ ಬಂದಿತು. ಮೆಕ್ಯಾನಿಕ್ ಸ್ಟೀರಿಂಗಿನ ಕೆಳಗಿರುವ ತೂತಿಗೆ ಸ್ಕ್ಯಾನರನ್ನು ಜೋಡಿಸಿದರೆ ಸಂಕೇತ ಸಂಖ್ಯೆ ಕಾಣುತ್ತದೆ. ಪಿ 0300 ಎಂದರೆ ಮಿಸ್ಸಿಂಗ್ ಒಂದು ಕಡೆ ನಿಲ್ಲದೆ ಅಲೆಯುತ್ತಿದೆ. ಪಿ 0301 ಎಂದರೆ ಒಂದನೆಯ ಸಿಲಿಂಡರು, ಪಿ 0303 ಎಂದರೆ ಮೂರನೆಯದು.

ಇಲ್ಲಿಯೇ ಎಲ್ಲರೂ ಎಡವುವುದು. ಸಂಖ್ಯೆ ಹೇಳುವುದು ನೋವು ಎಲ್ಲಿದೆ ಎಂಬುದನ್ನು. ಏಕೆ ಎಂಬುದನ್ನು ಹೇಳುವುದಿಲ್ಲ. ಮೂರನೆಯ ಬೆಂಚಿನ ಹುಡುಗ ಉತ್ತರ ಕೊಡಲಿಲ್ಲ ಎಂದಮಾತ್ರಕ್ಕೆ ಅವನಿಗೆ ಪಾಠ ಬರಲಿಲ್ಲವೋ, ಕಿವಿ ಕೇಳಲಿಲ್ಲವೋ, ಬೆಳಗ್ಗೆ ಉಣ್ಣದೆ ಬಂದನೋ ತಿಳಿಯುವುದೆ?

ಒಂದು ಮನೆಯಲ್ಲಿ ನಡೆದುದು

ನಮ್ಮ ಅಕ್ಕನ ಮಗ ಬೋಡಿಯಲ್ಲಿ ಏಲಕ್ಕಿ ವ್ಯಾಪಾರ ಮಾಡುತ್ತಾನೆ. ಆರು ಸಿಲಿಂಡರಿನ ಹಳೆಯ ಜರ್ಮನ್ ಕಾರೊಂದನ್ನು ಬೆಂಗಳೂರಿನಿಂದ ತಂದನು. ಕೆಲವು ತಿಂಗಳಲ್ಲಿ ಬೋಡಿಮೆಟ್ಟಿನ ಘಾಟಿಯಲ್ಲಿ ಅದು ತಡವರಿಸತೊಡಗಿತು. ಮನೆಯ ಮುಂದೆ ನಿಲ್ಲಿಸಿದರೆ ಕನ್ನಡಿ ನಡುಗುವುದು. ದೂರದ ನಗರವೊಂದರ ವರ್ಕ್‌ಶಾಪಿಗೆ ಒಯ್ದನು. ಅಲ್ಲಿ ಮೊದಲು ಆರು ಪ್ಲಗ್ಗುಗಳನ್ನೂ ಬದಲಿಸಿದರು. ಎರಡನೆಯ ಸಲ ಇಂಜೆಕ್ಟರುಗಳನ್ನು ತೊಳೆದರು. ಮೂರನೆಯ ಸಲ ಇಂಜಿನ್ ಬಿಚ್ಚಬೇಕೆಂದು ನಾಲ್ಕು ಲಕ್ಷ ರೂಪಾಯಿಯ ಅಂದಾಜು ಕೊಟ್ಟರು. ಮನೆಯಲ್ಲಿ ಅಪ್ಪ–ಮಗನ ಮಾತು ನಿಂತಿತು. “ಅವನಿಗೆ ಕಾರು ಬಂತು, ನನಗೆ ನಿದ್ದೆ ಹೋಯಿತು” ಎಂದು ನಮ್ಮ ಭಾವ ಹೇಳಿದರು. ಮಗಳ ಮದುವೆಗೆಂದು ತೆಗೆದಿಟ್ಟ ಹಣದ ಮೇಲೆ ಆ ಅಂದಾಜಿನ ಕಣ್ಣು ಬಿದ್ದಿತ್ತು.

ತೇನಿಯಲ್ಲಿ ಸಣ್ಣ ಶೆಡ್ಡು ಇಟ್ಟುಕೊಂಡಿರುವ ಮೆಕ್ಯಾನಿಕ್ ಒಬ್ಬರಲ್ಲಿಗೆ ಕಾರನ್ನು ಕಳುಹಿಸುವಾಗ ನಾವೂ ಜೊತೆಯಲ್ಲಿ ಹೋದೆವು. ಅವರು ಮೊದಲು ಹಿಡಿದದ್ದು ಪೆನ್ನು. ನಡುಕ ಯಾವಾಗ ಹೆಚ್ಚು, ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಎಸಿ ಹಾಕಿದಾಗಲೋ, ಏರಿನಲ್ಲೋ ಎಂದು ಕೇಳಿ ಬರೆದುಕೊಂಡರು. ಆಮೇಲೆ ಸ್ಕ್ಯಾನರ್ ಜೋಡಿಸಿದರು. ಪಿ 0303.

“ಅಯ್ಯಾ, ಮೂರನೆಯದು ಅಳುತ್ತಿದೆ. ಹಸಿವೋ ಹೊಟ್ಟೆನೋವೋ ಈಗ ನೋಡೋಣ” ಎಂದರು. ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಮೂರನೆಯ ಸಿಲಿಂಡರಿನ ಕಾಯಿಲನ್ನು ಐದನೆಯದಕ್ಕೂ ಐದನೆಯದನ್ನು ಮೂರಕ್ಕೂ ಹಾಕಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಹಳೆಯ ಸಂಖ್ಯೆಯನ್ನು ಅಳಿಸಿ ಒಂದು ಸುತ್ತು ಓಡಿಸಿ ಬಂದರು. ಈ ಸಲ ಬಂದ ಸಂಖ್ಯೆ ಪಿ 0305. ರೋಗವು ಕಾಯಿಲಿನ ಜೊತೆಯಲ್ಲಿಯೇ ನಡೆದುಹೋಗಿತ್ತು. ಬಿಡಿಭಾಗಕ್ಕೆ ಒಂದು ಕಾಸೂ ಖರ್ಚಾಗಿರಲಿಲ್ಲ; ಕೆಟ್ಟುದು ಕಾಯಿಲು ಎಂಬುದು ಸಿದ್ಧವಾಯಿತು.

ಸಂಖ್ಯೆ ಮೂರರಲ್ಲಿಯೇ ಉಳಿದಿದ್ದರೆ ಮುಂದಿನ ಹೆಜ್ಜೆ ಪ್ಲಗ್ಗನ್ನು ಅದಲುಬದಲು ಮಾಡುವುದು, ಆಮೇಲೆ ಇಂಜೆಕ್ಟರ್, ಕೊನೆಗೆ ಸಿಲಿಂಡರಿನ ಒತ್ತಡವನ್ನು ಅಳೆಯುವುದು. ಒತ್ತಡ ಇಳಿದಿದೆ ಎಂದು ಮಾಪಕ ತೋರಿಸಿದ ಮೇಲೆಯೇ ಇಂಜಿನ್ ಬಿಚ್ಚುವ ಮಾತು. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕಡೆಗೆ.

ಆ ಮೆಕ್ಯಾನಿಕ್ ಅಲ್ಲಿಗೂ ನಿಲ್ಲಲಿಲ್ಲ. ಕಾಯಿಲು ಕೆಟ್ಟದ್ದೇಕೆ? ಪ್ಲಗ್ಗು ಕುಳಿತ ಗುಂಡಿಯೊಳಗೆ ದೀಪ ಹಿಡಿದರೆ ಇಂಜಿನ್ ಆಯಿಲ್ ಹೊಳೆಯಿತು. ಮೇಲಿನ ಮುಚ್ಚಳದ ಗ್ಯಾಸ್ಕೆಟ್ ವರ್ಷಗಳ ಶಾಖಕ್ಕೆ ಒಣಗಿ ಬಿರುಕುಬಿಟ್ಟಿತ್ತು. ಸೋರಿದ ಆಯಿಲು ಕಾಯಿಲಿನ ರಬ್ಬರನ್ನು ಕೊಳೆಸಿತ್ತು. ಕಿಡಿಯು ಪ್ಲಗ್ಗಿಗೆ ಇಳಿಯುವ ಬದಲು ಬದಿಯ ಲೋಹಕ್ಕೆ ಹಾರುತ್ತಿತ್ತು. ಕಾಯಿಲನ್ನು ಮಾತ್ರ ಬದಲಿಸಿ ಕಳುಹಿಸಿದ್ದರೆ ಹೊಸದೂ ಕೆಲಕಾಲದಲ್ಲಿ ಅದೇ ದಾರಿ ಹಿಡಿಯುತ್ತಿತ್ತು.

ಎರಡನ್ನೂ ಬದಲಿಸಿದ ಮೇಲೆ ಘಾಟಿಯ ತಡವರಿಕೆ ಹೋಯಿತು. ನಿಂತಾಗಿನ ಸಣ್ಣ ನಡುಕ ಉಳಿಯಿತು. ಇದು ಬೇರೆಯೇ ರೋಗ. ಸ್ಕ್ಯಾನರಿನಲ್ಲಿ ನೋಡಿದರೆ, ಐಡ್ಲಿಂಗಿನಲ್ಲಿ ಕಂಪ್ಯೂಟರು ಲೆಕ್ಕಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತಿತ್ತು. ಆಕ್ಸಿಲರೇಟರ್ ಒತ್ತಿ ಇಂಜಿನ್ನಿನ ವೇಗ ಏರಿಸಿದರೆ ಆ ಹೆಚ್ಚಳ ಕರಗುತ್ತಿತ್ತು. ಅರ್ಥವಿಷ್ಟೆ: ಅಳತೆಗೆ ಸಿಕ್ಕದ ಗಾಳಿ ಎಲ್ಲಿಂದಲೋ ಒಳನುಗ್ಗುತ್ತಿದೆ. ಐಡ್ಲಿಂಗಿನಲ್ಲಿ ಇಂಜಿನ್ ಎಳೆದುಕೊಳ್ಳುವ ಗಾಳಿ ಬಹಳ ಕಡಿಮೆ, ಒಳಗಿನ ಹೀರುವ ಸೆಳೆತ ಬಹಳ ಹೆಚ್ಚು. ಆದುದರಿಂದ ಸಣ್ಣ ಬಿರುಕೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ವೇಗದಲ್ಲಿ ಗಾಳಿಯ ಮೊತ್ತವೇ ದೊಡ್ಡದಾದುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಗಾಳಿಯ ದಾರಿಗೆ ಹೊಗೆ ತುಂಬಿಸಿ ನೋಡಿದಾಗ ಇಂಜಿನ್ನಿನ ಹಿಂಬದಿಯ ಒಂದು ರಬ್ಬರ್ ಕೊಳವೆಯ ಸೀಳಿನಿಂದ ಹೊಗೆ ಎಳೆಯಾಗಿ ಎದ್ದಿತು. ಕೊಳವೆ ಬದಲಾಯಿತು, ಕನ್ನಡಿ ನಿಂತಿತು.

ಕಾಯಿಲು, ಗ್ಯಾಸ್ಕೆಟ್, ಕೊಳವೆ, ಕೂಲಿ ಎಲ್ಲ ಸೇರಿದರೂ ಆ ನಾಲ್ಕು ಲಕ್ಷದ ಹತ್ತನೆಯ ಒಂದು ಪಾಲು ಮುಟ್ಟಲಿಲ್ಲ. ಮದುವೆಯ ಹಣ ಮದುವೆಗೇ ಉಳಿಯಿತು.

ನಮ್ಮ ಘಾಟಿಯೇ ಪರೀಕ್ಷಾಲಯ

ಈ ಕಣಿವೆಯವರಿಗೆ ಇರುವ ಅನುಕೂಲ ಬಯಲಿನವರಿಗಿಲ್ಲ. ಬೋಡಿಯಿಂದ ಬೋಡಿಮೆಟ್ಟಿಗೆ 17 ಹೇರ್‌ಪಿನ್ ತಿರುವುಗಳ ಏರು. ಲೋಯರ್ ಕ್ಯಾಂಪಿನಿಂದ ಕುಮಳಿಗೆ ಮತ್ತೊಂದು. ಬತ್ತಲಗುಂಡುವಿನ ಕಡೆಯಿಂದ ಕೊಡೈಕನಾಲಿಗೆ ಇನ್ನೊಂದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಸವೆದ ಪ್ಲಗ್ಗು, ಸೋತ ಕಾಯಿಲು ಅಲ್ಲಿ ಕೈಕೊಡುತ್ತವೆ. ಆದುದರಿಂದ ಏರಿನಲ್ಲಿ ಮಾತ್ರ ಎಡವುವ ಕಾರಿನಲ್ಲಿ ಮೊದಲು ಕಿಡಿಯನ್ನು, ಆಮೇಲೆ ಪೆಟ್ರೋಲಿನ ಒತ್ತಡವನ್ನು ಶಂಕಿಸಿರಿ. ನಿಂತಾಗ ಮಾತ್ರ ನಡುಗಿ, ಓಡುವಾಗ ಸುಮ್ಮನಾಗುವ ಕಾರಿನಲ್ಲಿ ಗಾಳಿಯ ಸೋರಿಕೆಯನ್ನು ಶಂಕಿಸಿರಿ. ಸಂಖ್ಯೆಯೂ ಇಲ್ಲದೆ, ಎಡವುವ ಸದ್ದೂ ಇಲ್ಲದೆ, ಗೇರ್ ಹಾಕಿ ಬ್ರೇಕ್ ಒತ್ತಿ ನಿಂತಾಗ ಮೈಯೆಲ್ಲ ಕಂಪಿಸಿದರೆ ಇಂಜಿನ್ ಕುಳಿತ ರಬ್ಬರ್ ಮೌಂಟುಗಳು ಸವೆದಿರಬಹುದು. ಆಗ ಇಂಜಿನ್ ನಿರಪರಾಧಿ.

ಇನ್ನು ಮೂರು ಮಾತು ನಮ್ಮ ಕಡೆಗೆ ವಿಶೇಷವಾಗಿ ಸಲ್ಲುವಂಥವು. ತೋಟದ ಮನೆಯಲ್ಲಿ ನಿಲ್ಲಿಸಿದ ಕಾರಿನ ತಂತಿಗಳನ್ನು ಇಲಿ, ಅಳಿಲು ಕಡಿಯುತ್ತವೆ. ರಾತ್ರೋರಾತ್ರಿ ಹುಟ್ಟಿದ ಮಿಸ್ಸಿಂಗಿಗೆ ಮೊದಲು ಬಾನೆಟ್ ಎತ್ತಿ ನೋಡಿರಿ. ಮಕ್ಕಳು ಊರಿಗೆ ಬಂದಾಗ ಮಾತ್ರ ತೆಗೆಯುವ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಹಳಸುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನೂ ಎಳೆದುಕೊಳ್ಳುತ್ತದೆ; ವಾರಕ್ಕೊಮ್ಮೆಯಾದರೂ ಕಾರು ಒಂದಷ್ಟು ದೂರ ಓಡಬೇಕು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಹೊಸ ಬಗೆಯ ಇಂಜಿನ್ನುಗಳಲ್ಲಿ ಗಾಳಿಯ ವಾಲ್ವನ್ನು ತೊಳೆಯಲು ಪೆಟ್ರೋಲ್ ಹಾಯುವುದಿಲ್ಲ. ಅಲ್ಲಿ ಮಸಿ ಕಟ್ಟುತ್ತದೆ. ತಣ್ಣಗಿರುವಾಗಿನ ನಡುಕಕ್ಕೆ ಅದೂ ಒಂದು ಕಾರಣ.

ಮಿನುಗುವ ದೀಪ

ಸ್ಟೀರಿಂಗಿನ ಮುಂದೆ ಇಂಜಿನ್ನಿನ ಆಕಾರದ ಹಳದಿ ದೀಪವೊಂದಿದೆ. ಅದು ಸುಮ್ಮನೆ ಉರಿದರೆ ಬೇಗನೆ ತೋರಿಸಿರಿ ಎಂದರ್ಥ. ಮಿಣಮಿಣನೆ ಮಿನುಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಕ್ಷೇಮವಾದ ಜಾಗ ನೋಡಿ ಕಾರು ನಿಲ್ಲಿಸಿರಿ ಎಂದರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಇಳಿದು ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಆ ಭಾಗ ಶಾಖಕ್ಕೆ ಕರಗಿಹೋಗುತ್ತದೆ. ಕಾಯಿಲಿಗೆ ಸಾವಿರಗಳಲ್ಲಿ ಮುಗಿಯಬೇಕಾದ ಖರ್ಚು ಆಗ ಲಕ್ಷಕ್ಕೆ ಏರುತ್ತದೆ. ಒಣಹುಲ್ಲಿನ ಮೇಲೆ ಅಂಥ ಕಾರನ್ನು ನಿಲ್ಲಿಸಿದರೆ ಬೆಂಕಿಯ ಭಯವೂ ಉಂಟು. “ಇನ್ನು ನಾಲ್ಕೇ ತಿರುವು, ಮೇಲೆ ಹೋಗಿ ನೋಡೋಣ” ಎನ್ನುವ ಧೈರ್ಯ ಬೇಡ.

ಮನೆಯವರು ಮಾಡಬೇಕಾದುದು

ಕೀಲಿ ನೀವು ಹಿಡಿಯಬೇಕಿಲ್ಲ, ಲೆಕ್ಕವನ್ನು ಹಿಡಿಯಿರಿ. ಕಾರಿನಲ್ಲಿ ಒಂದು ನೋಟುಬುಕ್ ಇಡಿರಿ. ನಡುಕ ಬಂದ ದಿನ, ಹೊತ್ತು, ಏರೋ ಬಯಲೋ, ಮಳೆಯೋ ಬಿಸಿಲೋ, ಪೆಟ್ರೋಲ್ ಹಾಕಿಸಿದ ಬಂಕು ಎಲ್ಲವನ್ನೂ ಬರೆಯಿರಿ. ಸ್ಕ್ಯಾನರಿನ ಸಂಖ್ಯೆಯನ್ನು ಅಳಿಸುವ ಮುನ್ನ ಬರೆದು ಕೊಡುವಂತೆ ಕೇಳಿರಿ. ಬ್ಯಾಟರಿಯ ತಂತಿ ಕಳಚಿದರೂ ಅದು ಅಳಿಸಿಹೋಗಬಹುದು. ಒಂದು ಭಾಗವನ್ನು ಬದಲಿಸಬೇಕೆಂದರೆ, ಅದು ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಗೌರವದಿಂದಲೇ ಕೇಳಿರಿ. ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗೆ ಸಂತೋಷಪಡುತ್ತಾನೆ. ಒಮ್ಮೆಗೆ ಒಂದನ್ನೇ ಬದಲಿಸಲಿ. ಮೂರನ್ನು ಒಟ್ಟಿಗೆ ಬದಲಿಸಿ ಕಾರು ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಬ್ರಹ್ಮನಿಗೂ ತಿಳಿಯದು. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಪತ್ರ ಬರೆದ ಮೂವರಿಗೂ ಆದುದರಿಂದ ನಮ್ಮ ಉತ್ತರ ಒಂದೇ: ಇಂಜಿನ್ ಬಿಚ್ಚಿಸಬೇಡಿರಿ, ಕಾರು ಮಾರಬೇಡಿರಿ, ಮೊದಲು ಪರೀಕ್ಷೆ ಮಾಡಿಸಿರಿ. ಪರೀಕ್ಷೆಯ ಫಲವನ್ನು ಕಾಗದದಲ್ಲಿ ಬರೆಸಿಕೊಂಡು ಕೈಯಲ್ಲಿ ಹಿಡಿದ ಮೇಲೆ ಮನೆಯವರೆಲ್ಲ ಕುಳಿತು ತೀರ್ಮಾನಿಸಿರಿ. ಮುಂದಿನ ತಿಂಗಳು, ಹಲವು ಮನೆಗಳವರು ಕೇಳಿರುವ ಬಾವಿಯ ಪಂಪುಸೆಟ್ಟಿನ ಮೋಟಾರು ಸುಟ್ಟುಹೋಗುವುದರ ಕಾರಣಗಳನ್ನು ನೋಡೋಣ.